ಸಣ್ಣ ಕೂಟಕ್ಕೆ ತಕ್ಕ ತಂತ್ರಾಂಶ

ಪಕ್ಷಿವೀಕ್ಷಣೆಯ ಹವ್ಯಾಸವುಳ್ಳ ಇಪ್ಪತ್ತು ಮಂದಿ ಬೇರೆ ಬೇರೆ ಊರುಗಳಲ್ಲಿದ್ದುಕೊಂಡೇ ಚರ್ಚೆ ನಡೆಸಬೇಕೆಂದು ಭಾವಿಸೋಣ. ಒಬ್ಬರು ಬರೆದುದನ್ನು ಸಂಗ್ರಹಿಸಿ ಉಳಿದವರಿಗೆ ಒದಗಿಸುವ ಗಣಕಯಂತ್ರಕ್ಕೆ ಸರ್ವರ್ ಎಂದು ಹೆಸರು. ಅದನ್ನು ನಡೆಸುವ ತಂತ್ರಾಂಶವನ್ನು ಆರಿಸುವುದು ಹೇಗೆ?

ಇದಕ್ಕೆ ಯೂಸ್‌ನೆಟ್ ಎಂಬ ಚರ್ಚಾಜಾಲದ ಇತಿಹಾಸವು ಉತ್ತಮ ನಿದರ್ಶನ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಇದನ್ನು ಕಲ್ಪಿಸಿದರು. ಇದರ ಮೊದಲ ತಂತ್ರಾಂಶವು ದಿನಕ್ಕೆ ಕೆಲವೇ ಬರಹಗಳು ಬರುವುವೆಂದೆಣಿಸಿ ರಚಿತವಾಗಿತ್ತು. ಬರಹಗಳು ಪ್ರವಾಹದಂತೆ ಹರಿದುಬಂದಾಗ ಅದು ಸಾಲದಾಯಿತು. 1990ರ ದಶಕದ ಆರಂಭದಲ್ಲಿ ರಿಚ್ ಸಾಲ್ಜ್ ರಚಿಸಿದ ಐಎನ್‌ಎನ್ ದೊಡ್ಡ ಕೇಂದ್ರಗಳ ಹೊರೆಯನ್ನು ಹೊರಬಲ್ಲದು. ಆದರೆ ಅದನ್ನು ಅಣಿಗೊಳಿಸಲು ಪರಿಶ್ರಮ ಬೇಕು. ಲೀಫ್‌ನೋಡ್ ಎಂಬುದು ಸಣ್ಣ ಕೇಂದ್ರಗಳಿಗೆಂದೇ ರೂಪುಗೊಂಡಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಆದುದರಿಂದ ಆಯ್ಕೆಗೆ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಸದಸ್ಯರು ಎಷ್ಟು? ಸರ್ವರನ್ನು ನಿತ್ಯವೂ ನೋಡಿಕೊಳ್ಳುವವರು ಯಾರು? ಮುಂದೆ ತಂತ್ರಾಂಶವನ್ನು ಬದಲಿಸಿದರೆ ಹಳೆಯ ಬರಹಗಳನ್ನು ಜೊತೆಗೆ ಕೊಂಡೊಯ್ಯಬಹುದೇ? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು. ಯಂತ್ರ ಕೆಟ್ಟರೆ ಬೇರೊಂದನ್ನು ತರಬಹುದು. ಹತ್ತು ವರ್ಷಗಳ ವೀಕ್ಷಣೆಯ ದಾಖಲೆ ಅಳಿದರೆ ಅದು ಮರಳಿ ಬಾರದು.