ಕಾಯುವುದೂ ಕೆಲಸವೇ: ಇವೆಂಟ್ ಆಧಾರಿತ ಪ್ರೋಗ್ರಾಮಿಂಗ್‌ನ ಎರಡು ಅವಧಿಗಳು

ಪ್ರೋಗ್ರಾಂ ಎಂದರೇನು ಎಂದು ಹೇಳಿಕೊಡುವಾಗ ನಾವೆಲ್ಲ ಚಹಾ ಮಾಡುವ ಉದಾಹರಣೆಯನ್ನೇ ಕೊಡುತ್ತೇವೆ. ನೀರು ಇಡು, ಪುಡಿ ಹಾಕು, ಹಾಲು ಹಾಕು, ಸೋಸು. ಮೇಲಿನಿಂದ ಕೆಳಕ್ಕೆ ಒಂದೊಂದೇ ಹೆಜ್ಜೆ ಎಂಬುದು ಮಕ್ಕಳಿಗೆ ಚೆನ್ನಾಗಿ ನಾಟುತ್ತದೆ. ಆದರೆ ಅವರು ದಿನವೂ ಕೈಯಲ್ಲಿ ಹಿಡಿಯುವ ಮೊಬೈಲ್ ಹಾಗೆ ನಡೆಯುವುದಿಲ್ಲ. ಅದು ಸುಮ್ಮನೆ ಕಾಯುತ್ತಿರುತ್ತದೆ. ಬೆರಳು ತಾಗಿದಾಗ, ಕರೆ ಬಂದಾಗ, ಅಲಾರಂ ಹೊತ್ತಾದಾಗ ಮಾತ್ರ ಅದಕ್ಕೆಂದು ಬರೆದಿಟ್ಟ ಸೂಚನೆಗಳು ನಡೆಯುತ್ತವೆ. ಅಭ್ಯಾಸ ಬೋಧನೆಯಲ್ಲಿ ಕನ್ನಡ ಮಾಧ್ಯಮದ ಒಂಬತ್ತನೇ ತರಗತಿಗೆ ನಾನು ಈ ಕಲಿಕಾಂಶವನ್ನು ತೆಗೆದುಕೊಂಡೆ. ಮಕ್ಕಳಿಗೆ ಕಷ್ಟವಾಗುವುದು ವಾಕ್ಯರಚನೆಯಲ್ಲ, ಈ ಕಾಯುವಿಕೆ ಎಂಬುದು ನನ್ನ ಅನುಭವ.

ಮೊದಲು ಪದದ ವಿಷಯ. 'ಘಟನೆ' ಎಂದೊಡನೆ ಮುಂದಿನ ಬೆಂಚಿನಿಂದ "ಆಕ್ಸಿಡೆಂಟಾ ಮೇಡಂ?" ಎಂಬ ಪ್ರಶ್ನೆ ಬಂತು. ಪತ್ರಿಕೆಯಲ್ಲಿ ಅವರು ಓದುವ ಘಟನೆಗಳು ಅಂಥವೇ. ಹಾಗಾಗಿ 'ಇವೆಂಟ್' ಎಂದೇ ಬಳಸಿದೆ. 'ಯಾವಾಗ – ಆಗ' ಎಂಬ ಜೋಡಿಯಿಂದ ವಿವರಿಸಿದೆ.

ಪೂರ್ವಜ್ಞಾನಕ್ಕೆ ಶಾಲೆಯ ಬೆಲ್ಲನ್ನೇ ಹಿಡಿದೆ. ಊಟದ ಬೆಲ್ ಹೊಡೆದಾಗ ಮಕ್ಕಳು ತಟ್ಟೆ ಹಿಡಿಯುತ್ತಾರೆ, ಅಡುಗೆಯವರು ಪಾತ್ರೆಯ ಮುಚ್ಚಳ ತೆಗೆಯುತ್ತಾರೆ, ತರಗತಿಯ ನಾಯಕಿ ಬಾಗಿಲು ಹಾಕುತ್ತಾಳೆ. ಇವೆಂಟ್ ಒಂದೇ, ಪ್ರತಿಕ್ರಿಯೆ ಮೂರು. ನಂತರ ಪ್ರತಿ ಗುಂಪಿಗೂ ಒಂದು ಚೀಟಿ ಕೊಟ್ಟೆ: ತಟ್ಟೆ ಬಡಿದಾಗ ನಿಲ್ಲಿ, ಚಪ್ಪಾಳೆ ಕೇಳಿದಾಗ ಒಂದರಿಂದ ಐದು ಎಣಿಸಿ, ಸೀಮೆಸುಣ್ಣ ಎತ್ತಿದಾಗ ಪುಸ್ತಕ ಮುಚ್ಚಿ. "ಪ್ರೋಗ್ರಾಂ ಶುರು" ಎಂದು ಹೇಳಿ ಅರ್ಧ ನಿಮಿಷ ಏನೂ ಮಾಡದೆ ನಿಂತೆ. ಮಕ್ಕಳು ಮುಸಿಮುಸಿ ನಕ್ಕರು. "ಈಗ ಪ್ರೋಗ್ರಾಂ ಓಡುತ್ತಿದೆಯೋ, ನಿಂತಿದೆಯೋ?" ಎಂದು ಕೇಳಿದೆ. ನಿಂತಿದೆ ಎಂದು ಒಕ್ಕೊರಲಿನ ಉತ್ತರ. ಹಿಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ, "ಓಡ್ತಿದೆ ಮೇಡಂ, ನಾವು ಕಿವಿ ಕೊಟ್ಕೊಂಡು ಕೂತಿದೀವಲ್ಲ" ಎಂದಳು. ಅವಧಿಯ ಉಳಿದ ಭಾಗವೆಲ್ಲ ಈ ಮಾತಿನ ಮೇಲೆಯೇ ನಿಂತಿತು.

ಇಲ್ಲಿಂದ ಸ್ಕ್ರ್ಯಾಚ್‌ಗೆ ಹೋದೆವು. ಎಂಐಟಿ ಮೀಡಿಯಾ ಲ್ಯಾಬ್‌ನವರು 2007ರಲ್ಲಿ ಬಿಡುಗಡೆ ಮಾಡಿದ ಈ ಭಾಷೆಯಲ್ಲಿ ಸೂಚನೆಗಳನ್ನು ಟೈಪ್ ಮಾಡಬೇಕಿಲ್ಲ, ಬ್ಲಾಕ್‌ಗಳನ್ನು ಜೋಡಿಸಿದರೆ ಸಾಕು. ಹಳದಿ ಬಣ್ಣದ ಇವೆಂಟ್ ಬ್ಲಾಕ್‌ಗಳ ಪೈಕಿ 'ವೆನ್' ಎಂದು ಶುರುವಾಗುವವುಗಳ ತಲೆ ಟೋಪಿಯಂತೆ ದುಂಡಗಿರುತ್ತದೆ. ಅವುಗಳ ಮೇಲೆ ಬೇರೆ ಬ್ಲಾಕ್ ಕೂರುವುದಿಲ್ಲ. ಈ ಆಕಾರವೇ ಅರ್ಧ ಪಾಠ ಹೇಳುತ್ತದೆ.

ಬೇಕೆಂದೇ ಮೊದಲು ಕೆಲಸ ಮಾಡದ ಸ್ಕ್ರಿಪ್ಟ್ ಕೊಟ್ಟೆ: 'ವೆನ್ ಫ್ಲ್ಯಾಗ್ ಕ್ಲಿಕ್ಡ್', ಅದರ ಕೆಳಗೆ 'ಸ್ಪೇಸ್ ಕೀ ಒತ್ತಿದ್ದರೆ 10 ಹೆಜ್ಜೆ ಚಲಿಸು' ಎಂಬ ಇಫ್ ಬ್ಲಾಕ್. ಬಾವುಟ ಒತ್ತಿ ಎಷ್ಟು ಸಲ ಸ್ಪೇಸ್ ಕುಟ್ಟಿದರೂ ಬೆಕ್ಕು ಅಲುಗಲಿಲ್ಲ. "ಕಂಪ್ಯೂಟರ್ ಕೆಟ್ಟಿದೆ" ಎಂದರು. ಕಾರಣ ಹೇಳಲು ಅವಸರ ಮಾಡಲಿಲ್ಲ. ಕೊನೆಗೆ ಒಂದು ಜೋಡಿ ಸ್ಪೇಸ್ ಕೀಯನ್ನು ಒತ್ತಿ ಹಿಡಿದುಕೊಂಡೇ ಬಾವುಟ ಕ್ಲಿಕ್ ಮಾಡಿತು. ಬೆಕ್ಕು ಒಂದೇ ಒಂದು ಸಲ ಸರಿಯಿತು! ಬಾವುಟ ಒತ್ತಿದ ಆ ಕ್ಷಣದಲ್ಲಿ ಮಾತ್ರ ಪ್ರಶ್ನೆ ಕೇಳಲಾಗುತ್ತದೆ, ಆಮೇಲೆ ಕೇಳುವವರೇ ಇಲ್ಲ ಎಂದು ಅವರೇ ಕಂಡುಕೊಂಡರು.

ಪರಿಹಾರ ಎರಡಿವೆ. 'ವೆನ್ ಸ್ಪೇಸ್ ಕೀ ಪ್ರೆಸ್ಡ್' ಎಂಬ ಟೋಪಿ ಹಾಕುವುದು ಒಂದು. ಇಫ್ ಬ್ಲಾಕನ್ನು 'ಫಾರೆವರ್' ಒಳಗಿಟ್ಟು ಮತ್ತೆ ಮತ್ತೆ ಕೇಳಿಸುವುದು ಇನ್ನೊಂದು. ಮೊದಲನೆಯದು ಬೆಲ್ಲಿಗಾಗಿ ಕಾಯುವುದು, ಎರಡನೆಯದು ಗಳಿಗೆಗೊಮ್ಮೆ ಹೊರಗೆ ಇಣುಕಿ "ಹೊಡೆದರಾ?" ಎಂದು ನೋಡಿ ಬರುವುದು. ಕೀ ಒತ್ತಿ ಹಿಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ಟೋಪಿ ಹಾಕಿದಾಗ ಬೆಕ್ಕು ಒಮ್ಮೆ ಸರಿದು, ತುಸು ತಡೆದು, ಆಮೇಲೆ ಓಡುತ್ತದೆ, ಫಾರೆವರ್‌ನಲ್ಲಿ ತಡೆಯಿಲ್ಲದೆ ಜಾರುತ್ತದೆ. ಟೈಪ್ ಮಾಡುವಾಗ ಒಂದು ಅಕ್ಷರವನ್ನು ಒತ್ತಿ ಹಿಡಿದರೂ ಹೀಗೇ ಒಂದು ತಡೆ ಬರುತ್ತದೆಂದು ತೋರಿಸಿದರೆ ಸಾಕು.

ಎರಡನೇ ಅವಧಿಯಲ್ಲಿ ಪೈಥಾನ್‌ನ ಟರ್ಟಲ್. ಟರ್ಟಲ್ ಅನ್ನು ಆಮದು ಮಾಡಿಕೊಂಡ ಮೇಲೆ ಬರೆಸಿದ್ದು ಇಷ್ಟೇ (ಯಂತ್ರದಲ್ಲಿ ಭಾಷೆಯ ಪದಗಳು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು):

ಡೆಫ್ ಮುಂದೆ():
    ಫಾರ್ವರ್ಡ್(10)
ಲಿಸನ್()
ಆನ್‌ಕೀ(ಮುಂದೆ, "ಅಪ್")
ಮೇನ್‌ಲೂಪ್()

'ಮುಂದೆ' ಎಂಬ ಹೆಸರನ್ನು ಮಾತ್ರ ಕನ್ನಡದಲ್ಲೇ ಟೈಪ್ ಮಾಡಬಹುದು. ಪೈಥಾನ್ 3 ಒಪ್ಪುತ್ತದೆ. ತಮ್ಮ ಭಾಷೆಯ ಪದವನ್ನು ಯಂತ್ರ ತಪ್ಪೆನ್ನಲಿಲ್ಲ ಎಂಬ ಬೆರಗು ಮಕ್ಕಳ ಮುಖದಲ್ಲಿತ್ತು. ಕೋಲನ್ ಬಿಟ್ಟರೆ, ಎರಡನೇ ಸಾಲನ್ನು ಒಳಕ್ಕೆ ತಳ್ಳದಿದ್ದರೆ, 'ಅಪ್' ಪದದ ಮೊದಲ ಅಕ್ಷರ ದೊಡ್ಡದಿಲ್ಲದಿದ್ದರೆ ದೋಷದ ಸಂದೇಶ ಬರುತ್ತದೆ. ಅವನ್ನು ಮಕ್ಕಳು ಬೇಗ ತಿದ್ದಿಕೊಂಡರು. ಹೆಚ್ಚು ಹೊತ್ತು ನಿಲ್ಲಬೇಕಾದದ್ದು ದೋಷವೇ ತೋರಿಸದ ತಪ್ಪಿನ ಬಳಿ. ಆನ್‌ಕೀ ಒಳಗೆ 'ಮುಂದೆ' ಎನ್ನುವ ಬದಲು 'ಮುಂದೆ()' ಎಂದು ಬರೆದರೆ ಆಮೆ ಪ್ರೋಗ್ರಾಂ ಶುರುವಾದೊಡನೆ ಒಮ್ಮೆ ಚಲಿಸಿಬಿಡುತ್ತದೆ. ಆಮೇಲೆ ಕೀ ಒತ್ತಿದರೆ ಏನೂ ಆಗುವುದಿಲ್ಲ. ಕಂಸ ಹಾಕಿದರೆ 'ಈಗಲೇ ಮಾಡು', ಹಾಕದಿದ್ದರೆ 'ಇವನ ಹೆಸರು ಬರೆದಿಟ್ಟುಕೋ, ಕೀ ಒತ್ತಿದಾಗ ಕರೆ'. ಹಿಂದಿನ ದಿನ ಕೀ ಹಿಡಿದು ಬಾವುಟ ಒತ್ತಿದ್ದ ಜೋಡಿಯೇ ಇದನ್ನು ಮೊದಲು ಗುರುತಿಸಿತು.

ವಾಕ್ಯರಚನೆಗೆ ಸಮಯ ಸಾಲಲಿಲ್ಲ, ಚಟುವಟಿಕೆ ದೀರ್ಘವಾಯಿತು ಎಂದು ವೀಕ್ಷಕ ಉಪನ್ಯಾಸಕರು ಟಿಪ್ಪಣಿ ಬರೆದರು. ಗೌರವದಿಂದಲೇ ನನ್ನ ಭಿನ್ನಮತ ದಾಖಲಿಸುತ್ತೇನೆ. ಕಂಸದ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆಸಿ ಬಾಯಿಪಾಠ ಮಾಡಿಸಬಹುದಿತ್ತು. ಆದರೆ 'ಈಗ' ಮತ್ತು 'ಆಗ' ಬೇರೆ ಎಂದು ಮೈಯಿಂದ ಅರಿಯದ ಮಗುವಿಗೆ ಆ ಎರಡು ಗೀಟುಗಳು ಬರೀ ಗೀಟುಗಳೇ. ಕಂಪ್ಯೂಟರ್‌ಗಳು ಕಡಿಮೆಯಿರುವ, ಕರೆಂಟ್ ಹೋಗಿಬರುವ ಶಾಲೆಯಲ್ಲಂತೂ ಚೀಟಿಯ ಆಟವೇ ನಂಬಬಹುದಾದ ಬೋಧನೋಪಕರಣ.

ಒಂದು ಪ್ರಶ್ನೆಯನ್ನು ಮುಂದಿನ ಅವಧಿಗೆ ಉಳಿಸಿಕೊಂಡಿದ್ದೇನೆ. "ಬೆಲ್ ಹೊಡೆದಾಗ ಮುಚ್ಚಳ ತೆಗೆಯೋಕೆ ಮುಂಚೆನೇ ನಾವು ತಟ್ಟೆ ಹಿಡ್ಕೊಂಡು ಹೋದ್ರೆ?" ಎಂದು ಒಬ್ಬ ಹುಡುಗ ಕೇಳಿದ. ಒಂದೇ ಇವೆಂಟಿಗೆ ಕಾಯುವ ಸ್ಕ್ರಿಪ್ಟ್‌ಗಳಲ್ಲಿ ಯಾವುದು ಮೊದಲು ಎಂದು ನಂಬಿ ಕೂರಬಾರದು. ಕ್ರಮ ಮುಖ್ಯವಾದರೆ ಅಡುಗೆಯವರು ಮುಚ್ಚಳ ತೆಗೆದು 'ಬನ್ನಿ' ಎಂದು ಕೂಗಬೇಕು, ಮಕ್ಕಳು ಬೆಲ್ಲಿಗಲ್ಲ, ಆ ಕೂಗಿಗೆ ಕಾಯಬೇಕು. ಸ್ಕ್ರ್ಯಾಚ್‌ನಲ್ಲಿ ಅದರ ಹೆಸರು 'ಬ್ರಾಡ್‌ಕಾಸ್ಟ್'. ಹೊಸ ಚೀಟಿಗಳನ್ನು ಬರೆದಿಟ್ಟಿದ್ದೇನೆ.