ಮೊಟ್ಟೆಯಿಟ್ಟು ಮರಳುವ ಮೀನುಗಳು

ಬೀದರ್ ಜಿಲ್ಲೆಯ ಮೂಲಕ ಹರಿಯುವ ಮಾಂಜ್ರಾ ನದಿಯು ಸಿಕಂದರಾಬಾದ್ ಮತ್ತು ಹೈದರಾಬಾದ್ ಅವಳಿ ನಗರಗಳಿಗೆ ದಶಕಗಳಿಂದ ಕುಡಿಯುವ ನೀರನ್ನು ಒದಗಿಸಿದೆ. ಅಲ್ಲಿಂದ ಮುಂದೆ ಅದು ನಿಜಾಮಾಬಾದ್ ಜಿಲ್ಲೆಯ ಕಂದಕುರ್ತಿಯ ಬಳಿ ಗೋದಾವರಿಯನ್ನು ಸೇರುತ್ತದೆ. ಗೋದಾವರಿಯ ಮೇಲೆ ಸಾಲಾಗಿ ನಿಂತಿರುವ ಅಣೆಕಟ್ಟುಗಳಲ್ಲಿ ನೀರು ಹರಿದುಹೋಗಲು ಬಾಗಿಲುಗಳಿವೆ. ಆದರೆ ಸಮುದ್ರ ಮತ್ತು ನದಿಗಳ ನಡುವೆ ಸಂಚರಿಸುವ ಮೀನಿಗೆ ಅಣೆಕಟ್ಟು ದೊಡ್ಡ ತಡೆಯಾಗಿದೆ.

ಹಿಲ್ಸಾದ ಎರಡು ಪಯಣ

ಮಳೆಗಾಲದಲ್ಲಿ ಗೋದಾವರಿಗೆ ಹೊಸ ನೀರು ಬಂದಾಗ ಬಂಗಾಳ ಕೊಲ್ಲಿಯ ಹಿಲ್ಸಾ ಮೀನುಗಳು ನದಿಯನ್ನು ಪ್ರವೇಶಿಸಿ, ಪ್ರವಾಹಕ್ಕೆ ಎದುರಾಗಿ ಈಜುತ್ತವೆ. ನದಿಗೆ ಬಂದ ಈ ಮೀನನ್ನು ತೆಲುಗಿನಲ್ಲಿ 'ಪುಲಸ' ಎನ್ನುತ್ತಾರೆ. ತಾಳಿ ಮಾರಿಯಾದರೂ ಪುಲಸ ತಿನ್ನಬೇಕೆಂಬುದು ಅಲ್ಲಿನ ಗಾದೆ.

ಪೆಸಿಫಿಕ್ ಸಾಗರದ ಹಲವು ಜಾತಿಯ ಸಾಲ್ಮನ್ ಮೀನುಗಳು ನದಿಯಲ್ಲಿ ಒಮ್ಮೆ ಮೊಟ್ಟೆಯಿಟ್ಟು ಸಾಯುತ್ತವೆ. ಹಿಲ್ಸಾ ಹಾಗಲ್ಲ. ಅದು ಮೊಟ್ಟೆಯಿಟ್ಟ ನಂತರ ಸಮುದ್ರಕ್ಕೆ ಮರಳಿ, ಚೇತರಿಸಿಕೊಂಡು, ಮತ್ತೆ ನದಿಗೆ ಬರಬಲ್ಲದು. ದೇಹ ಬೆಳೆದಂತೆ ಮೊಟ್ಟೆಗಳ ಸಂಖ್ಯೆಯೂ ಹೆಚ್ಚುತ್ತದೆ. ದೊಡ್ಡ ಹೆಣ್ಣು ಮೀನು 10 ಲಕ್ಷಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲದು. ಆದ್ದರಿಂದ ಮರಳಿ ಹೋಗುವ ಸೊರಗಿದ ಮೀನಿಗೆ ಪೇಟೆಯಲ್ಲಿ ಬೆಲೆ ಕಡಿಮೆಯಾದರೂ, ಸಂತತಿಯ ದೃಷ್ಟಿಯಿಂದ ಅದು ಅಮೂಲ್ಯವಾದುದು.

ಅಣೆಕಟ್ಟುಗಳ ಪರಿಣಾಮ

ಗೋದಾವರಿಯ ಧವಳೇಶ್ವರಂನಲ್ಲಿ 1852ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಕಾವೇರಿಯಲ್ಲಿ 1934ರ ಮೆಟ್ಟೂರು ಜಲಾಶಯವು ಹಿಲ್ಸಾದ ಮೇಲ್ದಾರಿಯನ್ನು ಮುಚ್ಚಿತು. ಹಿಂದೆ ಗಂಗೆಯಲ್ಲಿ ಅಲಹಾಬಾದಿನಾಚೆಗೂ ಹೋಗುತ್ತಿದ್ದ ಹಿಲ್ಸಾ, 1975ರಲ್ಲಿ ಫರಕ್ಕಾ ಅಣೆಕಟ್ಟು ಕಾರ್ಯಾರಂಭ ಮಾಡಿದ ಬಳಿಕ ಮೇಲ್ಭಾಗದಲ್ಲಿ ಅಪರೂಪವಾಯಿತು. ಸಾಲ್ಮನ್‌ಗಾಗಿ ರೂಪಿಸಿದ ಮೀನುಮೆಟ್ಟಿಲುಗಳು ಹಿಲ್ಸಾಕ್ಕೆ ಒಗ್ಗುವುದಿಲ್ಲ. ಏಕೆಂದರೆ ಸಾಲ್ಮನ್ ಜಿಗಿಯಬಲ್ಲದು, ಹಿಲ್ಸಾ ಜಿಗಿಯಲಾರದು.

ಮರಳುವ ದಾರಿ ಇನ್ನೂ ಕಠಿಣ. ನಿಂತ ನೀರಿನ ಜಲಾಶಯದಲ್ಲಿ, ಮೀನಿಗೆ ದಾರಿ ತೋರುವ ಸೆಳೆತವಿರುವುದಿಲ್ಲ. ವಿದ್ಯುತ್ ಯಂತ್ರಗಳ ಮೂಲಕ ಸಾಗಿದರೆ ಚಕ್ರದ ಅಲಗುಗಳ ಪೆಟ್ಟು ಮತ್ತು ಒತ್ತಡದ ಹಠಾತ್ ಬದಲಾವಣೆ ಎದುರಾಗುತ್ತವೆ. ಮೀನು ಉದ್ದವಾದಷ್ಟೂ ಪೆಟ್ಟಿನ ಸಂಭವ ಹೆಚ್ಚು. ಮರಿಗಳಿಗಿಂತ ತಾಯಿ ಮೀನಿಗೇ ಅಪಾಯ ಅಧಿಕ.

ಪರಿಹಾರದ ಮಾರ್ಗಗಳು

ಅಮೆರಿಕದ ಕೊಲಂಬಿಯಾ ನದಿ ವ್ಯವಸ್ಥೆಯಲ್ಲಿ ಸ್ಟೀಲ್‌ಹೆಡ್ ಎಂಬ ಮೀನು ಮೊಟ್ಟೆಯಿಟ್ಟ ಬಳಿಕವೂ ಬದುಕಬಲ್ಲದು. ಸ್ನೇಕ್ ಉಪನದಿಯ ಮೇಲ್ಭಾಗದಿಂದ ಸಮುದ್ರಕ್ಕೆ ಮರಳಲು ಅದು 8 ಅಣೆಕಟ್ಟುಗಳನ್ನು ದಾಟಬೇಕು. ಅಲ್ಲಿ ಮೇಲ್ಪದರದ ನೀರಿನೊಡನೆ ಮೀನುಗಳು ಇಳಿದುಹೋಗುವಂತೆ ದಾರಿಗಳನ್ನು ಮಾಡಲಾಗಿದೆ. ಸೊರಗಿದ ಕೆಲವು ಮೀನುಗಳನ್ನು ತೊಟ್ಟಿಗಳಲ್ಲಿಟ್ಟು, ಆಹಾರವಿತ್ತು, ಚೇತರಿಸಿಕೊಂಡ ಮೇಲೆ ನದಿಗೆ ಬಿಡಲಾಗುತ್ತದೆ.

ಭಾರತದಲ್ಲಿ ಕೇಂದ್ರ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಫರಕ್ಕಾದ ಮೇಲ್ಭಾಗದಲ್ಲಿ ಹಿಲ್ಸಾ ಮೀನುಗಳನ್ನು ಬಿಡುವ ಕಾರ್ಯ ಕೈಗೊಂಡಿದೆ. ಆದರೆ ಮೇಲಕ್ಕೆ ಬಿಟ್ಟ ಮೀನು ಮರಳಿ ಸಮುದ್ರ ಸೇರಿದರೆ ಮಾತ್ರ ಈ ಶ್ರಮ ಪೂರ್ಣವಾಗುತ್ತದೆ. ಮಳೆಗಾಲದಲ್ಲಿ ಸಂಚಾರದ ಅವಧಿಯನ್ನರಿತು ಬಾಗಿಲುಗಳನ್ನು ತೆರೆಯುವುದು, ಅಣೆಕಟ್ಟಿನ ಸಮೀಪ ಬಲೆ ಬೀಸದಿರುವುದು, ಹೊಸ ಯೋಜನೆಗಳಲ್ಲಿ ಮೀನಿನ ಏರುದಾರಿಯೊಡನೆ ಇಳಿದಾರಿಯನ್ನೂ ಕಲ್ಪಿಸುವುದು ಅವಶ್ಯಕ. ನದಿಯ ಮೀನುಸಂಪತ್ತನ್ನೇ ನಂಬಿ ಬಾಳುವ ಬೆಸ್ತರ ಜೀವನವೂ ಇದನ್ನೇ ಅವಲಂಬಿಸಿದೆ.