ಓರೆ ಹೊಲದ ವಿಸ್ತೀರ್ಣ

ರಾಯಚೂರು ಜಿಲ್ಲೆಯ ಪೋತ್ನಾಳದ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಗದ್ದೆಗಳೆಲ್ಲ ಆಯತಾಕಾರದವಲ್ಲ. ಎಕರೆಗಿಷ್ಟೆಂದು ಗುತ್ತಿಗೆ ಹಿಡಿದ ರೈತನು ಓರೆ ಹೊಲದ ವಿಸ್ತೀರ್ಣವನ್ನು ಅರಿಯುವುದು ಹೇಗೆ?

ಎದುರುಬದುರು ಬದುಗಳ ಸರಾಸರಿಗಳನ್ನು ಗುಣಿಸುವುದು ಹಳೆಯ ವಾಡಿಕೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ಸುಮಾರು ಕ್ರಿ.ಶ. 850ರಲ್ಲಿ ‘ಗಣಿತಸಾರಸಂಗ್ರಹ’ದಲ್ಲಿ ಈ ಸೂತ್ರವನ್ನು ಹೇಳಿದ್ದಾನೆ, ಆದರೆ ಇದು ವ್ಯಾವಹಾರಿಕ ಫಲ, ಸೂಕ್ಷ್ಮಫಲ ಬೇರೆ ಎಂದು ವಿಂಗಡಿಸಿಯೂ ಇದ್ದಾನೆ. ಆ ವಿಂಗಡಣೆಯ ಬೆಲೆಯೇನೆಂಬುದನ್ನು ನೋಡೋಣ.

33 ಅಡಿಯ ಸರಪಳಿಯಿಂದ ಅಳೆದರೆ ಒಂದು ಚದರ ಸರಪಳಿಯೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಒಂದು ಹೊಲದ ಬದುಗಳು ಸುತ್ತಲೂ ಕ್ರಮವಾಗಿ 9, 12, 13, 14 ಸರಪಳಿ ಎನ್ನಿ. ವಾಡಿಕೆಯ ಲೆಕ್ಕದಂತೆ 11 × 13 = 143 ಗುಂಟೆ.

ಈಗ 14 ಮತ್ತು 9ರ ಬದುಗಳು ಕೂಡುವ ಮೂಲೆಯಿಂದ ಎದುರು ಮೂಲೆಗೆ ಕರ್ಣವನ್ನು ಅಳೆಯೋಣ. ಅದು 15 ಸರಪಳಿ ಬಂದಿತೆನ್ನಿ. ಹೊಲವು ಎರಡು ತ್ರಿಭುಜಗಳಾಯಿತು. ಉಳಿದ ಮೂಲೆಗಳಿಂದ ಕರ್ಣಕ್ಕೆ ಲಂಬಗಳು 7.2 ಮತ್ತು 11.2. ತ್ರಿಭುಜಗಳ ಕ್ಷೇತ್ರಫಲ 54 ಮತ್ತು 84. ಒಟ್ಟು 138 ಗುಂಟೆ, ಎಂದರೆ 3 ಎಕರೆ 18 ಗುಂಟೆ. ಇಲ್ಲದ 5 ಗುಂಟೆ ನೆಲಕ್ಕೆ ರೈತನು ವರ್ಷವರ್ಷವೂ ಹಣ ತೆರುತ್ತಿದ್ದನು!

ಕಾರಣ ಸರಳ. ನಾಲ್ಕು ಕಡ್ಡಿಗಳನ್ನು ಸಡಿಲವಾಗಿ ಕಟ್ಟಿದ ಚೌಕಟ್ಟನ್ನು ಓರೆಗೆ ಒತ್ತಿರಿ. ಭುಜಗಳು ಅಷ್ಟೇ ಇದ್ದರೂ ಕ್ಷೇತ್ರಫಲ ಕುಗ್ಗುತ್ತದೆ. ತ್ರಿಭುಜವು ಹಾಗೆ ಕದಲದು. ಸರಾಸರಿಯ ಸೂತ್ರಕ್ಕೆ ಓರೆಯ ಅರಿವಿಲ್ಲ. ಆಯತವಲ್ಲದ ಯಾವ ಚತುರ್ಭುಜಕ್ಕೂ ಅದು ಹೆಚ್ಚನ್ನೇ ಹೇಳುತ್ತದೆ, ಎಂದೂ ಕಡಿಮೆಯನ್ನಲ್ಲ.

ಒಂದು ಬದು ಕಾಲುವೆಯೊಡನೆ ಬಾಗಿದ್ದರೆ, ಆ ಅಂಚನ್ನು ಸಮಾನ ಅಂತರದ ಲಂಬಗಳಿಂದ ತ್ರಾಪಿಜ್ಯಗಳಾಗಿ ಸೀಳಿ ಕೂಡಿಸಬೇಕು. ಪಟ್ಟಿಗಳು ಕಿರಿದಾದಷ್ಟೂ ದೋಷವೂ ಕಿರಿದು.